ಇನ್‌ಸ್ಟಾಲ್ ಎಲ್ಲಿ ನಿಂತಿತು? ಮೊದಲು ಅದನ್ನು ಬರೆದಿಟ್ಟುಕೊಳ್ಳಿ

ದಾಲ್ ಮಿಲ್ಲಿನ ಲೆಕ್ಕದ ಕೋಣೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್‌ನ ಪಕ್ಕದ ತಗಡು ಬಿಚ್ಚಿ ನೋಡಿ. ಪ್ರೊಸೆಸರ್ ಮೇಲಿನ ಫ್ಯಾನಿಗೂ ಹೀಟ್‌ಸಿಂಕಿಗೂ (ಬಿಸಿ ಹೊರಹಾಕುವ ಲೋಹದ ತುಂಡು) ನಡುವೆ ತೊಗರಿ ಹೊಟ್ಟಿನ ಧೂಳು ಕಂಬಳಿಯಂತೆ ಕೂತಿರುತ್ತದೆ. ಅದೇ ಮಷಿನ್‌ಗೆ ಹೊಸದಾಗಿ ವಿಂಡೋಸ್ ಹಾಕಲು ಹೋದರೆ ಫೈಲ್ ಕಾಪಿ ಶೇ. 40ಕ್ಕೋ 60ಕ್ಕೋ ಬಂದು ಫಟ್ಟನೆ ಆಫ್. ಆಗ ಎಲ್ಲರ ಬೈಗುಳವೂ ಪೆನ್‌ಡ್ರೈವಿಗೆ. ಅದನ್ನು ಮತ್ತೆ ತಯಾರಿಸುವುದು, ಮತ್ತೆ ಹಚ್ಚುವುದು, ಮತ್ತೆ ಆಫ್. ಮೂರು ಸಲ ಇದೇ ಆಟ ಆಡಿದರೆ ಮಧ್ಯಾಹ್ನದ ಊಟದ ಹೊತ್ತು ದಾಟಿರುತ್ತದೆ.

ಪೆನ್‌ಡ್ರೈವ್ ಬೂಟ್ ಆಗಲೇ ಇಲ್ಲವೇ? ಡಿಸ್ಕ್ ಆರಿಸುವ ಪರದೆಯಲ್ಲಿ ತಕರಾರು ಬಂತೇ? ಕಾಪಿ ನಡುವೆ ನಿಂತಿತೇ? ಇಲ್ಲ, ಎಲ್ಲ ಮುಗಿದು ರೀಸ್ಟಾರ್ಟ್ ಆದ ಮೇಲೆ ಕೈಕೊಟ್ಟಿತೇ? ಈ ನಾಲ್ಕೂ ಜಾಗದಲ್ಲಿ ಕಳ್ಳರು ಬೇರೆ ಬೇರೆ. ಪರದೆಯ ಫೋಟೊ ಮೊಬೈಲ್‌ನಲ್ಲಿ ಹಿಡಿದಿಟ್ಟುಕೊಂಡು ಮುಂದಿನ ಕೆಲಸಕ್ಕೆ ಕೈ ಹಾಕಿ. ಇಲ್ಲಿ ಬರೆದಿರುವುದೆಲ್ಲ ಜಿ31, ಜಿ41 ಮದರ್‌ಬೋರ್ಡಿನ ಕೋರ್ 2 ಡ್ಯುಯೊ, ಪೆಂಟಿಯಂ ಡ್ಯುಯಲ್ ಕೋರ್ ಮತ್ತು ಎಚ್61 ಬೋರ್ಡಿನ ಐ3 ಮಷಿನ್‌ಗಳನ್ನು ಕಣ್ಣ ಮುಂದೆ ಇಟ್ಟುಕೊಂಡು. ಡೇಟಾದ ಮಾತು ಈಗಲೇ ಹೇಳಿಬಿಡುತ್ತೇನೆ: ಟ್ಯಾಲಿ ಡೇಟಾ ಫೋಲ್ಡರ್ ಬೇರೆ ಡಿಸ್ಕಿಗೆ ಹೋಗಿದೆ ಎಂದು ತೆರೆದು ನೋಡಿ ಖಾತ್ರಿಯಾಗುವವರೆಗೆ ಡಿಸ್ಕಿನ ತಂಟೆಗೆ ಹೋಗಬೇಡಿ.

ಯಾವ ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ) ಎಂಬುದನ್ನು ಬೇಗ ಮುಗಿಸೋಣ. ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಭದ್ರತೆಯ ಚಿಪ್), ಯುಇಎಫ್‌ಐ (ಮಷಿನ್ ಎಬ್ಬಿಸುವ ಹಳೆಯ ತಂತ್ರಾಂಶ ಬಯೋಸ್, ಅದರ ಬದಲಿಗೆ ಬಂದದ್ದು) ಮತ್ತು ಇಂಟೆಲ್‌ನಲ್ಲಾದರೆ 8ನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್. ಅಡ್ಡದಾರಿ ಹಿಡಿದು ಹಾಕುವವರಿದ್ದಾರೆ. ಆದರೆ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಸೂಚನೆ ಪ್ರೊಸೆಸರ್‌ನಲ್ಲೇ ಇರಬೇಕು. ಕೋರ್ 2 ಡ್ಯುಯೊದಲ್ಲಿ ಅದು ಇಲ್ಲ, ಹಾಗಾಗಿ ಬೂಟೇ ಆಗುವುದಿಲ್ಲ. ಅಲ್ಲಿ ಯಾವ ಅಡ್ಡದಾರಿಯೂ ನಡೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟ್ಯಾಲಿ, ನುಡಿ ಬಿಟ್ಟು ಬೇರೇನೂ ಬೇಡ, ಇಂಟರ್‌ನೆಟ್ ಅಷ್ಟಕ್ಕಷ್ಟೇ ಎನ್ನುವವರು ಅದನ್ನೇ ಹಾಕಿಕೊಳ್ಳಲಿ. ಬ್ಯಾಂಕ್ ವ್ಯವಹಾರ, ಇಮೇಲ್ ಅದರಲ್ಲೇ ನಡೆಯಬೇಕು ಎಂದರೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಮೇಲು. 2029ರವರೆಗೆ ಅಪ್‌ಡೇಟ್ ಇದೆ, 4 ಜಿಬಿ ರ್‍ಯಾಮ್‌ನಲ್ಲಿ ಆರಾಮಾಗಿ ಓಡುತ್ತದೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವ ಕಷ್ಟವಿಲ್ಲ.

ಇನ್ನು ಪೆನ್‌ಡ್ರೈವ್. 8 ಜಿಬಿ ಸಾಕು. ಬೂಟ್ ಪೆನ್‌ಡ್ರೈವ್ ತಯಾರಿಸುವ ತಂತ್ರಾಂಶ ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ (ಡಿಸ್ಕನ್ನು ಭಾಗ ಮಾಡಿ ಗುರುತಿಡುವ ರೀತಿ) ಎಂಬಲ್ಲಿ ಹಳೆಯ ರೀತಿಯಾದ ಎಂಬಿಆರ್ ಆರಿಸಿ. ಅಲ್ಲಿ ಹೊಸ ರೀತಿಯಾದ ಜಿಪಿಟಿ ಇದ್ದರೆ ಟಾರ್ಗೆಟ್ ಬರೀ ಯುಇಎಫ್‌ಐ ಆಗುತ್ತದೆ, ಹಳೆಯ ಬಯೋಸ್ ಆ ಪೆನ್‌ಡ್ರೈವನ್ನು ಬೂಟ್ ಮಾಡುವುದಿಲ್ಲ. ಹಚ್ಚುವ ಜಾಗ ಹಿಂದಿನ ಕರಿಯ ಯುಎಸ್‌ಬಿ 2.0 ಪೋರ್ಟ್. ಮುಂದಿನ ಪೋರ್ಟ್ ಕ್ಯಾಬಿನೆಟ್ಟಿನ ಉದ್ದದ ವೈರ್ ಮೂಲಕ ಬರುತ್ತದೆ, ಹಳೆಯ ಕ್ಯಾಬಿನೆಟ್‌ಗಳಲ್ಲಿ ಅದನ್ನು ನಂಬುವ ಹಾಗಿಲ್ಲ. ಮೀಡಿಯಾ ಡ್ರೈವರ್ ಸಿಗುತ್ತಿಲ್ಲ ಎಂದು ಸೆಟಪ್ ಗೋಳಾಡಿದರೆ ಡ್ರೈವರ್ ಹುಡುಕುತ್ತ ಊರೆಲ್ಲ ಅಲೆಯಬೇಡಿ. ನೀಲಿ 3.0 ಪೋರ್ಟಿನಿಂದ ಕರಿಯ ಪೋರ್ಟಿಗೆ ಬದಲಿಸಿದರೆ ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ನೀವು ಇಳಿಸಿಕೊಂಡ ಓಎಸ್‌ನ ಐಎಸ್‌ಒ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಅಕ್ಷರಗಳ ಸಾಲು) ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವುದಕ್ಕೆ ತಾಳೆ ನೋಡಿ. ಒಂದೇ ಒಂದು ಅಕ್ಷರ ಬೇರೆಯಾಗಿದ್ದರೂ ಫೈಲ್ ಅರ್ಧಂಬರ್ಧ ಇಳಿದಿದೆ ಎಂದೇ ಲೆಕ್ಕ.

ಡಿಸ್ಕ್ ಆರಿಸುವ ಪರದೆಯಲ್ಲಿ ಬರುವ ತಕರಾರು ಮುಖ್ಯವಾಗಿ ಎರಡು. ಒಂದು, ಈ ಡಿಸ್ಕ್ ಜಿಪಿಟಿ ಶೈಲಿಯಲ್ಲಿದೆ, ಇದರ ಮೇಲೆ ಹಾಕಲಾಗದು ಎನ್ನುವುದು. ಬೇರೆ ಹೊಸ ಮಷಿನ್‌ನಿಂದ ಬಿಚ್ಚಿ ತಂದ ಡಿಸ್ಕಿಗೆ ಇದು ಮಾಮೂಲು. ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಪ್ಪು ಪರದೆ ಬರುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್ ಎಂಬ ಆಜ್ಞೆಗಳನ್ನು ಒಂದೊಂದಾಗಿ ಕೊಡಿ. 0 ಎಂದು ನಾನು ಬರೆದೆನೆಂದು ಕಣ್ಣು ಮುಚ್ಚಿ 0 ಒತ್ತಬೇಡಿ. ಪಟ್ಟಿಯಲ್ಲಿ ಎಷ್ಟು ಜಿಬಿ ಎಂದು ನೋಡಿಯೇ ನಂಬರ್ ಆರಿಸಿ, ಕ್ಲೀನ್ ಎನ್ನುವುದು ಕೇಳದೆ ಒರೆಸುತ್ತದೆ.

ಎರಡನೆಯದು ಇನ್ನೂ ಕಾಡುವಂಥದ್ದು. ಸಿಸ್ಟಂ ಪಾರ್ಟಿಷನ್ ಮಾಡಲಾಗಲಿಲ್ಲ, ಇರುವುದೂ ಸಿಗಲಿಲ್ಲ ಎನ್ನುತ್ತದೆ, ಡಿಸ್ಕ್ ನೋಡಿದರೆ ಪೂರ್ತಿ ಖಾಲಿ. ತಪ್ಪು ಡಿಸ್ಕಿನದಲ್ಲ. ಹಳೆಯ ಬಯೋಸ್ ಪೆನ್‌ಡ್ರೈವನ್ನೂ ಹಾರ್ಡ್ ಡಿಸ್ಕ್ ಎಂದೇ ಎಣಿಸುತ್ತದೆ. ನೀವು ಬಯೋಸ್‌ನ ಹಾರ್ಡ್ ಡಿಸ್ಕ್ ಪ್ರಯಾರಿಟಿಯಲ್ಲಿ ಪೆನ್‌ಡ್ರೈವನ್ನು ಮೇಲೆ ತಂದಿದ್ದರೆ ಸೆಟಪ್‌ಗೆ ಅದೇ ಮೊದಲ ಡಿಸ್ಕಾಗಿ ಕಾಣುತ್ತದೆ. ಪ್ರಯಾರಿಟಿಯಲ್ಲಿ ಹಾರ್ಡ್ ಡಿಸ್ಕನ್ನೇ ಮೇಲೆ ಇಟ್ಟು, ಪೆನ್‌ಡ್ರೈವನ್ನು ಆ ಒಂದು ಸಲಕ್ಕೆ ಬೂಟ್ ಮೆನುವಿನಿಂದ ಆರಿಸಿ. ಆ ಮೆನು ತೆರೆಯುವ ಕೀ ಗಿಗಾಬೈಟ್, ಡೆಲ್, ಲೆನೊವೊಗೆ ಎಫ್12, ಅಸುಸ್‌ಗೆ ಎಫ್8, ಇಂಟೆಲ್ ಬೋರ್ಡಿಗೆ ಎಫ್10. ಹೀಗೆ ಮಾಡಿದರೆ ಕಾಪಿ ಮುಗಿದು ರೀಸ್ಟಾರ್ಟ್ ಆದಾಗ ಮತ್ತೆ ಮೊದಲ ಪರದೆಗೇ ಬಂದು ಗಾಣದ ಎತ್ತಿನಂತೆ ಸುತ್ತುವ ಕಾಟವೂ ತಪ್ಪುತ್ತದೆ.

ಮಿಂಟ್ ಹಾಕುವಾಗ ಕೊನೆಯಲ್ಲಿ ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ತಂತ್ರಾಂಶ) ಕೂರುವುದಿಲ್ಲ ಎಂದರೂ ಬೇರು ಇಲ್ಲೇ ಇದೆ. ಜಿಪಿಟಿ ಡಿಸ್ಕಿನಿಂದ ಹಳೆಯ ಬಯೋಸ್ ಬೂಟ್ ಆಗಬೇಕಾದರೆ ಗ್ರಬ್ ಕೂರಲು 1 ಎಂಬಿಯ ಚಿಕ್ಕ ಪಾರ್ಟಿಷನ್ ಬೇಕು, ಅದಕ್ಕೆ ಬಯೋಸ್ ಗ್ರಬ್ ಎಂಬ ಗುರುತು ಹಚ್ಚಬೇಕು. 2 ಟಿಬಿಗಿಂತ ಚಿಕ್ಕ ಡಿಸ್ಕಾದರೆ ಅಷ್ಟೆಲ್ಲ ಯಾಕೆ, ಎಂಬಿಆರ್ ಮಾಡಿ ಕೈತೊಳೆದುಕೊಳ್ಳಿ.

ಈಗ ನಿಜವಾದ ತಲೆನೋವು, ಕಾಪಿ ನಡುವೆ ನಿಲ್ಲುವುದು. 80070570 ಎಂಬ ಅಂಕಿಯ ಕೋಡ್ ಬಂದರೆ ಫೈಲ್ ಕೆಟ್ಟಿದೆ, ಓದಲಾಗುತ್ತಿಲ್ಲ ಎಂದರ್ಥ. ಆದರೆ ಫೈಲನ್ನು ಕೆಡಿಸಿದ್ದು ಯಾರು ಎಂದು ಕೋಡ್ ಹೇಳುವುದಿಲ್ಲ. ಅದಕ್ಕೆ ಶೇಕಡಾವಾರು ಬರೆದಿಡಬೇಕು ಎಂದದ್ದು. ಪ್ರತಿ ಸಲ ಒಂದೇ ಅಂಕಿಗೆ ನಿಂತರೆ ಐಎಸ್‌ಒ, ಪೆನ್‌ಡ್ರೈವ್ ಅಥವಾ ಡಿಸ್ಕಿನ ಕೆಟ್ಟ ಸೆಕ್ಟರ್ ಮೇಲೆ ಅನುಮಾನ. ಒಮ್ಮೆ 23, ಒಮ್ಮೆ 61, ಒಮ್ಮೆ 48 ಎಂದು ಮನಸ್ಸಿಗೆ ಬಂದಲ್ಲಿ ನಿಂತರೆ ರ್‍ಯಾಮ್, ಬಿಸಿ ಅಥವಾ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ).

ರ್‍ಯಾಮ್ ಮೊದಲು ನೋಡಿ, ಖರ್ಚಿಲ್ಲದ ಕೆಲಸ. ಗೋಡೆಯ ಪ್ಲಗ್ ತೆಗೆದು ಪವರ್ ಬಟನ್ ಎರಡು ಸಲ ಒತ್ತಿ, ಉಳಿದ ಕರೆಂಟ್ ಹೋಗಲಿ. ಸ್ಟಿಕ್ ಹೊರತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ. ಆ ಪುಡಿ ಸ್ಲಾಟಿನೊಳಗೆ ಬಿದ್ದರೆ ಇದ್ದ ರೋಗದ ಜೊತೆ ಇನ್ನೊಂದು. ಒಂದೇ ಸ್ಟಿಕ್ ಹಾಕಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಕನಿಷ್ಠ ಒಂದು ಸುತ್ತು ಪೂರ್ತಿ ಓಡಿಸಿ, ಆಮೇಲೆ ಇನ್ನೊಂದು. ಒಂದೇ ಒಂದು ತಪ್ಪು ತೋರಿಸಿದರೂ ಆ ಸ್ಟಿಕ್‌ಗೆ ರಜೆ. ನಾಲ್ಕಾರು ತಪ್ಪು ಇದ್ದರೇನು, ನಡೀತದೆ ಬಿಡ್ರಿ ಎನ್ನುವವರ ಮಷಿನ್ ತಿಂಗಳೊಳಗೆ ಮತ್ತೆ ಟೇಬಲ್ ಮೇಲೆ ಬರುತ್ತದೆ.

ಡಿಸ್ಕಿನ ಆರೋಗ್ಯ ನೋಡಲು ಮಿಂಟ್ ಪೆನ್‌ಡ್ರೈವಿನಿಂದ ಲೈವ್ ಬೂಟ್ ಮಾಡಿ (ಇನ್‌ಸ್ಟಾಲ್ ಮಾಡದೆಯೇ ಓಡಿಸಿ) ಡಿಸ್ಕ್ಸ್ ಎಂಬ ಆ್ಯಪ್‌ನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ಲೆಕ್ಕ) ತೆರೆಯಿರಿ. ವಿಂಡೋಸ್ ಹಾಕುವವರಿಗೂ ಇದು ಕೈಯಲ್ಲಿರಬೇಕಾದ ಹತಾರ. ಅಲ್ಲಿ ಮೂರು ಸಾಲು ಸಾಕು. 5ನೆಯದು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ ಲೆಕ್ಕ. 197 ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳದು. ಇವೆರಡು ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಓಎಸ್ ಹಾಕುವುದು ವ್ಯರ್ಥ. 199ನೆಯ ಸಾಲನ್ನು ಮಾತ್ರ ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ಡಿಸ್ಕಿನೊಳಗಿನ ದೋಷವಲ್ಲ, ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಆದರೆ ಮುಂದೆ ಏರಬಾರದು. ಈ ಒಂದು ಕೇಬಲ್‌ಗಾಗಿ ಒಳ್ಳೆಯ ಡಿಸ್ಕ್‌ಗಳು ಗುಜರಿಗೆ ಹೋಗಿವೆ.

ಬಿಸಿಯ ಮಾತು ಕಲಬುರಗಿಯಲ್ಲಿ ಬೇರೆ ಹೇಳಬೇಕೆ? ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನ ಆಫೀಸಿನಲ್ಲಿ ಕ್ಯಾಬಿನೆಟ್ ಒಳಗೆ ಎಷ್ಟಿರಬಹುದು ಯೋಚಿಸಿ. ಬಯೋಸ್‌ನ ಪಿಸಿ ಹೆಲ್ತ್ ಪುಟವನ್ನು ಹತ್ತು ನಿಮಿಷ ತೆರೆದಿಡಿ. ಯಾವ ಕೆಲಸವೂ ಇಲ್ಲದೆ ಪ್ರೊಸೆಸರ್ 70 ಡಿಗ್ರಿ ದಾಟಿದರೆ ಅದಕ್ಕೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಎದ್ದಿದೆ. ಇಂಟೆಲ್‌ನ ಫ್ಯಾನಿಗೆ ನಾಲ್ಕು ಕರಿಯ ಪಿನ್ ಇರುತ್ತವೆ. ಒಂದು ಪೂರ್ತಿ ಇಳಿಯದಿದ್ದರೂ ಹೀಟ್‌ಸಿಂಕ್ ಒಂದು ಬದಿ ಎದ್ದೇ ಇರುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗದು. ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ತುದಿ ಹೊರಬಂದಿವೆಯೇ ನೋಡಿ. ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಪಿನ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ ಟಕ್ ಎನ್ನುವವರೆಗೆ ಒತ್ತಿ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಜೋರಾಗಿ ತಿರುಗಿದರೆ ಬೇರಿಂಗ್ ಹಾಳು.

ಎಸ್‌ಎಂಪಿಎಸ್ ಅನುಮಾನ ಇದ್ದರೆ ಕಾಪಿ ನಡೆಯುತ್ತಿರುವಾಗಲೇ ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರ್‌ಗೆ ಮಲ್ಟಿಮೀಟರ್ ಹಚ್ಚಿ. ಕರಿಯ ಮತ್ತು ಹಳದಿ ವೈರ್ ನಡುವೆ 11.4ರಿಂದ 12.6 ವೋಲ್ಟ್, ಕರಿಯ ಮತ್ತು ಕೆಂಪಿನ ನಡುವೆ 4.75ರಿಂದ 5.25. ಅದಕ್ಕಿಂತ ಕೆಳಗಿಳಿದರೆ ಬದಲಿಸಿ. ಡಬ್ಬಿ ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಹೊಡೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮಾತ್ರ ದೋಷ ಬೋರ್ಡಿನದು. ಯುಪಿಎಸ್ ಪರೀಕ್ಷೆ ಇನ್ನೂ ಸುಲಭ: ಶುರು ಮಾಡುವ ಮೊದಲು ಬಯೋಸ್ ಪರದೆಯಲ್ಲಿದ್ದಾಗ ಗೋಡೆಯ ಸ್ವಿಚ್ ಎರಡು ನಿಮಿಷ ಆಫ್ ಮಾಡಿ. ಪರದೆ ಆರಿದರೆ ಆ ಯುಪಿಎಸ್ ಬರೀ ಭಾರ. ಕರೆಂಟ್ ಹೋಗಿ ನಡುವೆ ನಿಂತ ಇನ್‌ಸ್ಟಾಲನ್ನು ಮುಂದುವರಿಸಬೇಡಿ, ಪಾರ್ಟಿಷನ್ ಅಳಿಸಿ ಮೊದಲಿನಿಂದ ಹಾಕಿ.

ಎಲ್ಲ ಸರಿಯಾಗಿ ಮುಗಿದು, ಮರುದಿನ ಬೆಳಿಗ್ಗೆ ನೀಲಿ ಪರದೆಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಬರುವ ಪ್ರಕರಣ ಒಂದಿದೆ. ಎಚ್61 ಬೋರ್ಡ್‌ಗಳಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ) ಐಡಿಇ ಅಥವಾ ಎಎಚ್‌ಸಿಐ ಎಂದು ಆರಿಸಬಹುದು. ನೀವು ಎಎಚ್‌ಸಿಐ ಇಟ್ಟು ಓಎಸ್ ಹಾಕಿದಿರಿ. ರಾತ್ರಿ ಮೇನ್ ಸ್ವಿಚ್ ಆಫ್ ಆಯಿತು, ಬೋರ್ಡಿನ ಗುಂಡಗಿನ ಸೆಲ್ ಸತ್ತಿದ್ದರಿಂದ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಹೋಗಿ ಐಡಿಇ ಆಯಿತು. ಓಎಸ್ ಮತ್ತೆ ಹಾಕುವ ಅಗತ್ಯವೇ ಇಲ್ಲ, ಮೋಡ್ ಮರಳಿಸಿದರೆ ಸಾಕು. ಜಿ31, ಜಿ41 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎಎಚ್‌ಸಿಐ ಆಯ್ಕೆಯೇ ಇರುವುದಿಲ್ಲ, ಅಲ್ಲಿ ಹುಡುಕಬೇಡಿ. ಆದರೆ ತಾರೀಕು ಹಿಂದಕ್ಕೆ ಹೋಗುವ ಕಾಟ ಅಲ್ಲೂ ಇದೆ. ಬ್ರೌಸರ್ ಪ್ರತಿ ಸೈಟಿಗೂ ಸರ್ಟಿಫಿಕೇಟ್ ದೋಷ ಎನ್ನುತ್ತದೆ, ಮಿಂಟ್ ಅಪ್‌ಡೇಟ್ ನಿರಾಕರಿಸುತ್ತದೆ.

ಸೆಲ್‌ನ ಹೆಸರು ಸಿಆರ್2032, 3 ವೋಲ್ಟ್. ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಬಯೋಸ್‌ನಲ್ಲಿ ತಾರೀಕು ಮತ್ತು ಸಾಟಾ ಮೋಡ್ ಸರಿಪಡಿಸಿ ಸೇವ್ ಮಾಡಿ. ಆಮೇಲೆ ಗೋಡೆಯ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿ. ಗಡಿಯಾರ ಸರಿಯಾದ ಹೊತ್ತು ತೋರಿಸಿದರೆ ಪಕ್ಕದ ತಗಡು ಮುಚ್ಚಿ ಸ್ಕ್ರೂ ಬಿಗಿಯಬಹುದು.