ಅದು ಏನೂ ಮಾಡಲ್ಲ, ಸುಮ್ನೆ ನಿಂತಿರುತ್ತೆ

“ಇದು ಏನ್ ಮಾಡುತ್ತೆ?”

ನಮ್ಮ ಮನೆ ಹಾಲಿಗೆ ಬಂದವರು ಟಿವಿ ಪಕ್ಕದ ಗಾಜಿನ ಶೆಲ್ಫ್ ನೋಡಿದ ಕೂಡಲೇ ಕೇಳುವ ಪ್ರಶ್ನೆ ಇದು. ಅಲ್ಲಿ ಹನ್ನೊಂದು ಪ್ಲಾಸ್ಟಿಕ್ ರೋಬಾಟ್‌ಗಳಿವೆ. ಯಾವುದೂ ಒಂದು ಗೇಣಿಗಿಂತ ದೊಡ್ಡದಲ್ಲ. ಎಲ್ಲ ನಾನೇ ಕಟ್ಟಿದ್ದು. ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಟ್ಟು ನಾನು ಕಾಫಿ ಮಾಡಲು ಹೋಗುತ್ತೇನೆ.

ಅದು ಏನೂ ಮಾಡುವುದಿಲ್ಲ. ನಡೆಯುವುದಿಲ್ಲ, ಮಾತಾಡುವುದಿಲ್ಲ, ಕಸ ಗುಡಿಸುವುದಿಲ್ಲ. ಸೆಲ್ ಹಾಕುವ ಜಾಗವೇ ಇಲ್ಲ. ಕೈಕಾಲು ಬಗ್ಗುತ್ತದೆ, ಅದೂ ನಾನು ಬಗ್ಗಿಸಿದರೆ.

ಇದರ ಬೆನ್ನಿಗೇ ಇನ್ನೊಂದು ಬರುತ್ತದೆ. “ಮಗನಿಗೆ ತಂದಿದ್ದಾ?” ಅಲ್ಲ, ನನಗೆ. “ಓ, ಯಜಮಾನ್ರಿಗಾ?” ಅಲ್ರೀ, ನನಗೆ. ನನಗೆ ಮಗ ಇಲ್ಲ, ಮಗಳಿದ್ದಾಳೆ. ಅವಳಿಗೆ ಚೆಸ್ ಹುಚ್ಚು. ಯಜಮಾನರಿಗೆ ಥಿನ್ನರ್ ವಾಸನೆಗೆ ತಲೆ ಸಿಡಿಯುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. 1979ರಲ್ಲಿ ಜಪಾನಿನ ಟಿವಿಯಲ್ಲಿ ಗುಂಡಮ್ ಅಂತ ಒಂದು ಕಾರ್ಟೂನ್ ಧಾರಾವಾಹಿ ಬಂತು. ಮನುಷ್ಯರು ಒಳಗೆ ಕೂತು ಓಡಿಸುವ ದೈತ್ಯ ರೋಬಾಟ್‌ಗಳ ಯುದ್ಧದ ಕಥೆ. ನೋಡುವವರು ಸಾಲದೆ 43ನೇ ಕಂತಿಗೇ ನಿಂತುಹೋಯಿತು. ಮುಂದಿನ ವರ್ಷ, 1980ರ ಜುಲೈನಲ್ಲಿ, ಬಂಡೈ ಕಂಪನಿ ಅದರ ಮಾಡೆಲ್ ಕಿಟ್ ಬಿಟ್ಟಿತು. ಬೆಲೆ 300 ಯೆನ್. ಧಾರಾವಾಹಿಯ ಮರುಪ್ರಸಾರವೂ ಜೊತೆಗೆ ಸೇರಿ ಕಿಟ್ ಎಲ್ಲ ಕಡೆ ಖಾಲಿ. ಓಡದೇ ಇದ್ದ ಧಾರಾವಾಹಿಯ ಹೆಸರನ್ನು ಇವತ್ತಿಗೂ ಓಡಿಸುತ್ತಿರುವುದು ಈ ಪ್ಲಾಸ್ಟಿಕ್ಕೇ ಅಂದರೆ ತಪ್ಪಿಲ್ಲ. ಇದಕ್ಕೆ ಗನ್‌ಪ್ಲಾ ಅಂತಾರೆ. ಕಥೆಯಲ್ಲಿ ಗುಂಡಮ್ 18 ಮೀಟರ್ ಎತ್ತರ. ನಾನು ಜಾಸ್ತಿ ಕಟ್ಟುವುದು ಮಾಸ್ಟರ್ ಗ್ರೇಡ್, ಅಂದರೆ ನೂರರಲ್ಲಿ ಒಂದು ಪಾಲು. ಹಾಗಾಗಿ ನಮ್ಮನೆಯದು 18 ಸೆಂಟಿಮೀಟರ್.

‘ಏನಾದ್ರೂ ಮಾಡುವ’ ಗುಂಡಮ್ಮೇ ಬೇಕು ಅಂದರೆ ಯೊಕೊಹಾಮಾ ಬಂದರಿನಲ್ಲಿ ಒಂದಿತ್ತು. ಪೂರ್ತಿ 18 ಮೀಟರಿನದು. ಕೈ ಎತ್ತುತ್ತಿತ್ತು, ಮಂಡಿ ಬಗ್ಗಿಸುತ್ತಿತ್ತು. 2020ರ ಡಿಸೆಂಬರಿನಲ್ಲಿ ಶುರುವಾದದ್ದನ್ನು 2024ರ ಮಾರ್ಚಿನಲ್ಲಿ ಮುಚ್ಚಿದರು. ನನ್ನವು ಏನೂ ಮಾಡದೆ ಇನ್ನೂ ನಿಂತಿವೆ.

ಈಗ ದೊಡ್ಡಪ್ಪನ ವಿಷಯ.

ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಬಂದಿದ್ದರು. ಎಲ್ಲರ ಹಾಗೆ ಶೆಲ್ಫ್ ಮುಂದೆ ನಿಂತು “ಏನಮ್ಮಾ ಇದು, ಏನ್ ಮಾಡುತ್ತೆ?” ಅಂದರು. ಏನೂ ಮಾಡಲ್ಲ ದೊಡ್ಡಪ್ಪ ಅಂದೆ. ಅವರು ನಂಬಲಿಲ್ಲ. ನಲವತ್ತು ವರ್ಷ ಕರೆಂಟ್ ಆಫೀಸಿನಲ್ಲಿದ್ದವರು, ಸ್ವಿಚ್ ಇಲ್ಲದ ಯಂತ್ರ ಅವರ ತಲೆಗೆ ಹೋಗುವುದಿಲ್ಲ. ನಾನು ಕೇಕಿನ ಕಡೆ ತಿರುಗಿದ್ದೆ. ಅಷ್ಟರಲ್ಲಿ ಗಾಜು ಸರಿಸಿ, ಗುಂಡಮ್ಮನ್ನು ಎತ್ತಿಕೊಂಡು, ಬೆನ್ನು, ಕಂಕುಳು, ಅಂಗಾಲು ಎಲ್ಲ ಕಡೆ ಸ್ವಿಚ್ ಹುಡುಕಿದ್ದಾರೆ. ಕೊನೆಗೆ ಹಣೆಯ ಮೇಲಿನ ವಿ ಆಕಾರದ ಕೊಂಬನ್ನು ಆಂಟೆನಾ ಅಂದುಕೊಂಡು ಎಳೆದಿದ್ದಾರೆ. ಆಂಟೆನಾನೇ ಅದು, ಅಲ್ಲಿಗೆ ಅವರು ಸರಿ. ಆದರೆ ರೇಡಿಯೋದ ಥರ ಎಳೆದರೆ ಉದ್ದ ಆಗುವುದಿಲ್ಲ. ಟಪ್ ಅಂತು.

“ಚೈನಾ ಮಾಲು ಹಿಂಗೇ ಕಣಮ್ಮಾ. ಫೆವಿಕ್ವಿಕ್ ಹಾಕು.”

ನನಗೆ ಕೊಂಬು ಮುರಿದದ್ದಕ್ಕಿಂತ ಚೈನಾ ಮಾಲು ಅಂದದ್ದಕ್ಕೆ ಉರಿಯಿತು. “ಇದು ಜಪಾನಿನ ಶಿಜುವೊಕದ್ದು ದೊಡ್ಡಪ್ಪ!” ಅಂತ ಬರ್ತ್‌ಡೇ ಹಾಡಿನ ಮಧ್ಯೆ ಕೂಗಿದೆ. ಹಾಡು ನಿಂತಿತು. ಮಗಳು ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ದೊಡ್ಡಪ್ಪನ ಮನೆ ಷೋಕೇಸಿನಲ್ಲಿ ಒಂದು ಟೀ ಸೆಟ್ ಇದೆ. ಅದಕ್ಕೂ ನನಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಅದರಲ್ಲಿ ಇಲ್ಲಿವರೆಗೆ ಒಬ್ಬರೂ ಟೀ ಕುಡಿದಿಲ್ಲ. ಅದು ಏನ್ ಮಾಡುತ್ತೆ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ?

ಏನಾದರೂ ಮಾಡುವವಳು ನಾನು, ಅದಲ್ಲ. ಡಬ್ಬಿಯೊಳಗೆ ಬರುವುದು ರನ್ನರ್‌ಗಳು. ಪ್ಲಾಸ್ಟಿಕ್ಕಿನ ಚೌಕಟ್ಟು, ಅದಕ್ಕೆ ಅಂಟಿಕೊಂಡ ನೂರಾರು ತುಂಡು. ಗೋಂದು ಬೇಡ, ಒಂದಕ್ಕೊಂದು ಒತ್ತಿದರೆ ಕೂರುತ್ತವೆ. ಕಟ್ಟುವುದಷ್ಟೇ ಆದರೆ ಎರಡು ಭಾನುವಾರ ಸಾಕು. ಹೊತ್ತು ತಿನ್ನುವುದು ಫಿನಿಶಿಂಗ್. ತುಂಡು ಚೌಕಟ್ಟಿಗೆ ಅಂಟಿದ್ದ ಜಾಗಕ್ಕೆ ಗೇಟ್ ಅಂತಾರೆ. ಅದನ್ನು ಒಂದೇ ಏಟಿಗೆ ಕತ್ತರಿಸಿದರೆ ಕೆಟ್ಟಿತು. ಮೊದಲು ದೂರದಲ್ಲಿ ಕಟ್ ಮಾಡಿ, ಆಮೇಲೆ ಹತ್ತಿರ ಬಂದು, ಒಂದು ಕೂದಲಿನಷ್ಟು ಉಳಿಸಿ, ಉಳಿದದ್ದನ್ನು ಉಪ್ಪುಕಾಗದದಲ್ಲಿ, ಅಂದರೆ ಸ್ಯಾಂಡ್ ಪೇಪರಿನಲ್ಲಿ, ಉಜ್ಜಬೇಕು. ಒರಟು ನಂಬರಿನಿಂದ ನುಣುಪಿನ ಕಡೆಗೆ: 400, 600, 800, 1000. ಆತುರಪಟ್ಟರೆ ಗಾಢ ಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗೆ ಚುಕ್ಕೆ ಕೂರುತ್ತದೆ. ಚಿಕ್ಕದಾದರೆ ಹೆಬ್ಬೆರಳಿನ ಉಗುರಿನಲ್ಲಿ ತಿಕ್ಕಿದರೆ ಹೋಗುತ್ತದೆ. ಎಷ್ಟೋ ರಾತ್ರಿ ಸೀರಿಯಲ್ ನೋಡುತ್ತಾ ರೋಬಾಟಿನ ಮೊಣಕೈಯನ್ನು ಉಗುರಲ್ಲಿ ತಿಕ್ಕುತ್ತಾ ಕೂತಿದ್ದೇನೆ. ಆಮೇಲೆ ಗೀರುಗಳಿಗೆ ಕಪ್ಪು ಇಳಿಸುವುದು, ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರಗಳ ಡೆಕಾಲ್ ಅನ್ನುವ ತೆಳು ಸ್ಟಿಕರನ್ನು ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವುದು. ಎಲ್ಲದರ ಮೇಲೆ ಕೊನೆಗೆ ಒಂದು ಮ್ಯಾಟ್ ಟಾಪ್ ಕೋಟ್. ಅದು ಬಿದ್ದರೆ ಪ್ಲಾಸ್ಟಿಕ್ಕಿನ ಹೊಳಪು ಹೋಗಿ ಲೋಹದ ಥರ ಕಾಣುತ್ತದೆ.

ಆ ಟಾಪ್ ಕೋಟಿನಲ್ಲೇ ನಾನು ಕೈ ಸುಟ್ಟುಕೊಂಡದ್ದು. ಜುಲೈ ತಿಂಗಳು, ಬೆಂಗಳೂರಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಜಾಕು, ಅಂದರೆ ಅದೇ ಕಥೆಯ ಶತ್ರು ಪಡೆಯ ಒಂಟಿ ಕಣ್ಣಿನ ಹಸಿರು ರೋಬಾಟ್, ಮುಗಿದಿತ್ತು, ನನಗೆ ತಡೆಯಲಾಗಲಿಲ್ಲ. ಬಾಲ್ಕನಿಯಲ್ಲಿ ನಿಂತು ಸ್ಪ್ರೇ ಹೊಡೆದೇಬಿಟ್ಟೆ. ಬೆಳಿಗ್ಗೆ ನೋಡಿದರೆ ಬೆನ್ನಿಗೂ ಮೀನಖಂಡಕ್ಕೂ ಯಾರೋ ವಿಭೂತಿ ಬಳಿದ ಹಾಗಿದೆ. ಥಿನ್ನರ್ ಹಾರಿಹೋಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಇಳಿದು ಕೋಟಿನೊಳಗೇ ಸಿಕ್ಕಿಕೊಳ್ಳುತ್ತದೆ. ಇದೆಲ್ಲ ಓದಿಕೊಂಡಿದ್ದೆ. ಓದಿಯೂ ಹೊಡೆದೆ. ಜಾಕುವನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಸುಮ್ಮನಾದೆ.

ಸಂಕ್ರಾಂತಿ ಕಳೆದ ಮೇಲೆ ಮುಂಬಾಗಿಲಿಗೆ ಪಾಲಿಶ್ ಮಾಡಲು ರಾಯಚೂರು ಕಡೆಯವರೊಬ್ಬರು ಬಂದಿದ್ದರು. ಶೆಲ್ಫಿಗೆ ಧೂಳು ಕೂರುತ್ತದೆ ಅಂತ ಎಲ್ಲವನ್ನೂ ತೆಗೆದು ಡೈನಿಂಗ್ ಟೇಬಲ್ ಮೇಲೆ ಇಟ್ಟಿದ್ದೆ. ಅವರು ಕುಡಿಯಲು ನೀರು ಕೇಳಿ ಒಳಗೆ ಬಂದವರು, ಲೋಟ ಕೈಯಲ್ಲಿ ಹಿಡಿದು, ಬಗ್ಗಿ, ಜಾಕುವಿನ ಬೆನ್ನನ್ನೇ ನೋಡಿದರು. ಮುಟ್ಟಲಿಲ್ಲ.

“ಮೇಡಂ, ಇದನ್ನ ಮಳಿಗಾಲದಾಗ ಹೊಡದೀರೇನ್ರಿ?”

ಇಷ್ಟು ವರ್ಷದಲ್ಲಿ ಆ ಶೆಲ್ಫ್ ಬಗ್ಗೆ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ. ನಾನು ಅಳುವುದೊಂದು ಬಾಕಿ. ಹೌದ್ರೀ, ಜುಲೈನಲ್ಲಿ ಹೊಡೆದೆ ಅಂತ ತಪ್ಪೊಪ್ಪಿಕೊಂಡೆ. ಮಳೆಗಾಲದಲ್ಲಿ ಬಾಗಿಲಿಗೆ ಹೊಡೆಯುವ ಲ್ಯಾಕರ್ ಕೂಡ ಹೀಗೇ ಬೆಳ್ಳಗಾಗುತ್ತದಂತೆ. ಗಿರಾಕಿ ಅವಸರ ಮಾಡಿದರೂ ಅವರು ಬಿಸಿಲಿಗೆ ಕಾಯುತ್ತಾರಂತೆ. ಒಣ ದಿನ ನೋಡಿ ಮೇಲೆ ಒಂದು ತೆಳ್ಳನೆ ಕೈ ಹೊಡೆಯಿರಿ, ಕಮ್ಮಿ ಆಗುತ್ತದೆ ಅಂದರು. ಮೊಣಕೈಗೆ ಯಾವ ನಂಬರ್ ಪೇಪರ್ ಹಾಕಿದ್ದೀರಿ ಅಂತಲೂ ಕೇಳಿದರು. ಸಾವಿರ ಅಂದೆ. ತಲೆ ಆಡಿಸಿದರು. ನೀರಿನ ಲೋಟ ಹಾಗೇ ಉಳಿದು, ಕೊನೆಗೆ ಇಬ್ಬರಿಗೂ ಟೀ ಮಾಡಿದೆ. ಬಾಗಿಲಿನ ಕೆಲಸ ಅವತ್ತು ಅರ್ಧ ಗಂಟೆ ಹಿಂದೆ ಬಿತ್ತು.

ಫೆಬ್ರವರಿಯ ಬಿಸಿಲಲ್ಲಿ ಇನ್ನೊಂದು ಕೈ ಹೊಡೆದೆ. ಮೀನಖಂಡ ಪೂರ್ತಿ ಸರಿಹೋಯಿತು. ಬೆನ್ನಲ್ಲಿ ಒಂದು ಕಡೆ ಬಿಳಿ ಹಾಗೇ ಉಳಿದಿದೆ. ಈಗ ಜಾಕುವಿನ ಬೆನ್ನನ್ನೇ ಈಚೆ ಮಾಡಿ ನಿಲ್ಲಿಸಿದ್ದೇನೆ, ಗೊತ್ತಿರುವವರು ಯಾರಾದರೂ ಕೇಳಲಿ ಅಂತ.

ಹೋದ ವಾರ ದೊಡ್ಡಪ್ಪ ಬಂದಿದ್ದರು. ಈ ಸಲ ಗಾಜು ಸರಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ತುಂಬಾ ಹೊತ್ತು ನೋಡಿದರು.

“ಯಾಕಮ್ಮಾ, ಇದಕ್ಕೇನಾದ್ರೂ ಸಿಟ್ಟು ಬಂದಿದ್ಯಾ?”