ಹಿಪ್ಪಲಿ ಬುಡಕ್ಕೆ ಕರಿಮೆಣಸು: ಹತ್ತನೇ ವಾರ

ತುಳುವರ ಮಳೆಗಾಲದ ತಿಂಗಳು ಆಟಿ ಕಾಲಿಟ್ಟಿದೆ. ಚಪ್ಪರದಡಿಯ ನಲವತ್ತು ಕಸಿಗಳಲ್ಲಿ ಹತ್ತೊಂಬತ್ತು ಚಿಗುರಿವೆ.

ಕಮ್ಯುನಿಟಿ ಕಾಲೇಜಿನ ಕೃಷಿ ಉತ್ಪಾದನಾ ಕೋರ್ಸಿಗೆ ಒಂದು ಪ್ರಾಜೆಕ್ಟ್ ಬೇಕೆಂದಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಕಾಸರಗೋಡಿನ ಬದಿಯಡ್ಕ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಹೋದ ಮಳೆಗಾಲ ಸೊರಗು ರೋಗಕ್ಕೆ ಮೂವತ್ತಕ್ಕೂ ಹೆಚ್ಚು ಮೆಣಸಿನ ಬಳ್ಳಿಗಳು ಹೋದವು. ಅಪ್ಪ ಕೊಳೆರೋಗಕ್ಕೆಂದು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ತಪ್ಪದೆ ಹೊಡೆಯುತ್ತಾರೆ. ಆದರೆ ಬಳ್ಳಿಯ ಬೇರನ್ನು ಮಣ್ಣಿನೊಳಗೆ ತಿನ್ನುವ ಫೈಟಾಫ್ತೊರ ಎಂಬ ರೋಗಾಣುವಿಗೆ ಅದು ತಲುಪುವುದಿಲ್ಲ. ಪಾಠ ಮಲಯಾಳದಲ್ಲಿ ನಡೆಯುತ್ತದೆ. 'ದ್ರುತವಾಟ್ಟಂ' ಎಂದು ಮೇಷ್ಟ್ರು ಬರೆದಾಗ, ಪಕ್ಕದಲ್ಲಿ ಕನ್ನಡದಲ್ಲಿ 'ಸೊರಗು' ಎಂದು ಬರೆದುಕೊಂಡೆ. ದಕ್ಷಿಣ ಅಮೆರಿಕದ ಜೌಗು ನೆಲದ ಹಿಪ್ಪಲಿ ಈ ರೋಗವನ್ನು ತಡೆದುಕೊಳ್ಳುತ್ತದೆ ಎಂದು ತಿಳಿದದ್ದೂ ಅದೇ ದಿನ.

ಮೇ ತಿಂಗಳಲ್ಲಿ ಇಪ್ಪತ್ತು ಹಿಪ್ಪಲಿ ಗಿಡಗಳಿಗೆ ಪಣಿಯೂರು-1 ಎಂಬ ಮೆಣಸಿನ ತಳಿಯ ಕುಡಿ ಕಟ್ಟಿದೆ. ಆರೇ ಉಳಿದವು. ಒಣಗಿದವನ್ನು ಬಿಚ್ಚಿ ನೋಡಿದೆ: ಕುಡಿಯ ತುದಿ ಕಪ್ಪಾಗಿತ್ತು, ಕೆತ್ತಿದ ಮೈ ಉಬ್ಬಿತ್ತು. ಪೆನ್ಸಿಲ್ ಹೆರೆದಂತೆ ಮೂರು ನಾಲ್ಕು ಸಲ ಹೆರೆದದ್ದೇ ತಪ್ಪು. ಬ್ಲೇಡನ್ನು ಎರಡೂ ಬದಿಯಲ್ಲಿ ಒಂದೊಂದೇ ಸಲ ಎಳೆದರೆ ಮೈ ಚಪ್ಪಟೆಯಾಗಿ ಹಿಪ್ಪಲಿಯ ಸೀಳಿನಲ್ಲಿ ಬೆಣೆಯಂತೆ ಕೂರುತ್ತದೆ. ದಪ್ಪ ಹೊಂದದಿದ್ದರೆ ಒಂದು ಬದಿಯ ಸಿಪ್ಪೆಯಾದರೂ ಸಿಪ್ಪೆಗೆ ತಾಗಬೇಕು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಇಪ್ಪತ್ತು ಕಟ್ಟಿದೆ. ಪ್ರತಿ ಗಿಡಕ್ಕೂ ಪ್ಲಾಸ್ಟಿಕ್ ಚೀಲ ಮುಚ್ಚಿದ್ದರಿಂದ ಒಳಗೆ ತೇವ ನಿಂತಿತು. ಹದಿಮೂರು ಹಿಡಿದವು. ಇಪ್ಪತ್ತೆರಡನೆಯ ದಿನ ಚೀಲದೊಳಗೆ ಹನಿಗಳ ಹಿಂದೆ ನಸುಹಸಿರು ಮೊಗ್ಗೊಂದು ಕಂಡಿತು. ಅಮ್ಮನನ್ನು ಕರೆದು ತೋರಿಸಿದೆ. ಬೆಳಗಾಯಿತೆಂದರೆ ಈಗ ಅವರೇ ಮೊದಲು ಚಪ್ಪರದಡಿ ಹೋಗುತ್ತಾರೆ.

ನಾಟಿಗೆ ಇನ್ನೂ ಸಮಯವಿದೆ. ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಮೆಣಸಿನ ಹಂಬು ನೆಲಕ್ಕೆ ತಾಗಿ ಬೇರು ಬಿಟ್ಟರೆ ರೋಗ ಅಲ್ಲಿಂದಲೇ ಹತ್ತುತ್ತದೆ, ಹಿಪ್ಪಲಿಯ ಬುಡವಿದ್ದೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಹಿಪ್ಪಲಿ ತಾಳುವುದೂ ಇಲ್ಲ. ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಏಪ್ರಿಲ್ ಹೊತ್ತಿಗೆ ಬೆರಳು ಗಾತ್ರಕ್ಕೆ ಇಳಿಯುತ್ತದೆ. ಹಾಗಾಗಿ ತೋಟವಿಡೀ ನೆಡಬೇಕೆಂಬ ಆಸೆ ಬಿಟ್ಟಿದ್ದೇನೆ. ಸುರಂಗದ ಕೆರೆಗೆ ತಾಗಿದ ಎರಡು ಸಾಲು ಅಡಿಕೆಮರಗಳನ್ನು ಅಪ್ಪ ನಿನ್ನೆ ಗುರುತು ಮಾಡಿ ಕೊಟ್ಟಿದ್ದಾರೆ.