ಸೈಗಾನಿನಲ್ಲಿ ಅಮ್ಮನನ್ನು ‘ಬಾ’ ಅಂದವರು

ಬೆಳಗ್ಗೆ ಏಳೂವರೆ. ವಿಯೆಟ್ನಾಮಿನ ಸೈಗಾನ್ ನಗರದ ಒಂದು ಗಲ್ಲಿಯೊಳಗಿನ ಪುಟ್ಟ ಹೋಟೆಲು. ನಾನು, ಅಮ್ಮ ತಿಂಡಿಗೆ ಕೂತಿದ್ದೆವು. ಅಮ್ಮ ಪಪ್ಪಾಯಿಗೆ ನಿಂಬೆ ಹಿಂಡಿಕೊಳ್ಳುತ್ತಿದ್ದಳು. ಆಗ ಕೌಂಟರಿನ ಹಿಂದಿನಿಂದ ಹುಡುಗಿಯೊಬ್ಬಳು ಕೂಗಿದಳು: ‘ಬಾ ಓಯ್!’

ಅಮ್ಮ ಚಮಚ ಕೆಳಗಿಟ್ಟಳು. ‘ನನ್ನನ್ನೇ ಕರೀತಿದಾಳೆ ಕಣೋ’ ಅಂತ ಎದ್ದು ಹೊರಟೇಬಿಟ್ಟಳು. ಹುಡುಗಿ ಎರಡೂ ಕೈಯಲ್ಲಿ ಹಿಡಿದು ಏನನ್ನೋ ಕೊಟ್ಟಳು. ಹಿಂದಿನ ರಾತ್ರಿ ಅಮ್ಮ ಅಲ್ಲೇ ಮರೆತಿದ್ದ ಕನ್ನಡಕ.

‘ಇವಳಿಗೆ ಕನ್ನಡ ಎಲ್ಲಿಂದ ಬಂತೋ?’ ಅಮ್ಮನ ಮುಖ ಅರಳಿತ್ತು. ಊರು ಬಿಟ್ಟು ಎರಡೇ ದಿನವಾಗಿತ್ತು. ಆದರೂ ಒಂದು ಕನ್ನಡ ಮಾತು ಕಿವಿಗೆ ಬಿದ್ದಿದ್ದೇ ಅವಳಿಗೆ ಸಾಗರದ ನಮ್ಮನೆ ಅಂಗಳಕ್ಕೆ ಹೋಗಿ ಬಂದಷ್ಟು ಖುಷಿ.

ಹುಡುಗಿ ಅಂದದ್ದು ಕನ್ನಡವಲ್ಲ. ವಿಯೆಟ್ನಾಮಿ ಭಾಷೆಯಲ್ಲಿ ಬಾ ಅಂದರೆ ಅಜ್ಜಿ. ವಯಸ್ಸಾದ ಹೆಂಗಸರನ್ನೆಲ್ಲ ಗೌರವದಿಂದ ಹಾಗೇ ಕರೆಯುತ್ತಾರೆ. ಓಯ್ ಅನ್ನುವುದು ಕರೆಯುವ ಮಾತು, ನಮ್ಮ ಓಯ್ ತರಹವೇ. ಆದರೆ ನಮ್ಮದರ ಒರಟುತನ ಅದಕ್ಕಿಲ್ಲ. ‘ಅಜ್ಜೀ’ ಅಂತ ಕೊನೆಯಲ್ಲಿ ಎಳೆಯುತ್ತೇವಲ್ಲ, ಅಷ್ಟು ಮೆತ್ತಗೆ.

ನಮ್ಮ ಕಡೆ ಗೊತ್ತಿಲ್ಲದ ಹುಡುಗಿಯೊಬ್ಬಳು ಅರವತ್ತು ದಾಟಿದ ಹೆಂಗಸನ್ನು ‘ಬಾ’ ಅಂದರೆ ಜಗಳವೇ ಆದೀತು. ಬನ್ನಿ ಅನ್ನಬೇಕು. ಬಾ ಏನಿದ್ದರೂ ಮಕ್ಕಳಿಗೆ, ಗೆಳೆಯರಿಗೆ, ಅಂಗಳದ ಕರುವಿಗೆ. ಮತ್ತೆ ಅಮ್ಮನಿಗೆ, ದೇವರಿಗೆ. ನಮ್ಮನೆಯಲ್ಲಿ ಅಪ್ಪನಿಗೆ ‘ಬನ್ನಿ’, ಅಮ್ಮನಿಗೆ ‘ಬಾ’. ಅದೇ ಉಸಿರು, ಅದೇ ತುಟಿ. ನಮ್ಮ ಬಾ ಸಲಿಗೆಯದು, ಅವರ ಬಾ ಗೌರವದ್ದು. ಆ ಎಂಟು ದಿನದ ಪ್ರವಾಸದಲ್ಲಿ ಈ ಒಂದಕ್ಷರ ನಮ್ಮ ಬೆನ್ನು ಬಿಡಲೇ ಇಲ್ಲ.

ಆಮೇಲೆ ಯೋಚಿಸಿದರೆ, ಅದು ಶುರುವಾದದ್ದು ಬ್ಯಾಂಕಾಕಿನಲ್ಲೇ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಗೇಟು ಹುಡುಕುತ್ತ ಅಮ್ಮ ಮುಂದೆ ಮುಂದೆ ಹೋಗಿ ‘ಬಾ, ಬೇಗ ಬಾ’ ಅಂತ ಕೂಗಿದ್ದಳು. ಇಬ್ಬರು ಥಾಯ್ ಹುಡುಗಿಯರು ತಟ್ಟನೆ ತಿರುಗಿ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಥಾಯ್ ಭಾಷೆಯಲ್ಲಿ ದನಿ ಇಳಿಸಿ ಬಾ ಅಂದರೆ ಹುಚ್ಚು, ತಲೆ ಕೆಟ್ಟಿದೆ ಅಂತ.

ಸೈಗಾನಿನಲ್ಲಿ ನಮಗೆ ಈ ಮಾತನ್ನು ಬಿಡಿಸಿ ಹೇಳಿದ್ದು ಅದೇ ಹೋಟೆಲಿನ ಹುಡುಗಿ. ಮಧ್ಯಾಹ್ನ ಅವಳ ಕೆಲಸ ಹಗುರಾದಾಗ ಕಾಫಿ ಮಾಡಿಕೊಟ್ಟಳು. ಅಲ್ಲಿನ ಫಿಲ್ಟರಿಗೆ ಫಿನ್ ಅನ್ನುತ್ತಾರೆ. ಅಂಗೈಯಗಲದ ಲೋಹದ ಬಟ್ಟಲು, ತಳದಲ್ಲಿ ಸಣ್ಣ ತೂತುಗಳು. ಅದನ್ನು ಲೋಟದ ಬಾಯಿಯ ಮೇಲೆಯೇ ಕೂರಿಸುತ್ತಾರೆ. ಲೋಟದ ತಳದಲ್ಲಿ ಮೊದಲೇ ಡಬ್ಬಿಯ ಸಿಹಿ ಗಟ್ಟಿ ಹಾಲು. ಡಿಕಾಕ್ಷನ್ ಒಂದೊಂದೇ ಹನಿ ಬಿಳಿಯ ಮೇಲೆ ಬಿದ್ದು ಕಪ್ಪು ಪದರವಾಗಿ ನಿಲ್ಲುತ್ತದೆ. ಅಮ್ಮ ಕೆನ್ನೆಗೆ ಕೈಕೊಟ್ಟು ಅದನ್ನೇ ನೋಡುತ್ತ ಕೂತಳು. ನಮ್ಮ ಎರಡಂತಸ್ತಿನ ಫಿಲ್ಟರಿನ ಒಳಗೆ ಏನು ನಡೆಯುತ್ತದೆ ಅಂತ ನಲವತ್ತು ವರ್ಷದಿಂದ ಅವಳು ಕಂಡಿರಲಿಲ್ಲ. ಇಲ್ಲಿ ಕಣ್ಣೆದುರೇ ಇಳಿಯುತ್ತಿತ್ತು.

ಹುಡುಗಿ ಬಿಲ್ಲಿನ ಹಿಂಬದಿಯಲ್ಲಿ ಅದೇ ಎರಡಕ್ಷರವನ್ನು ಆರು ಸಲ ಬರೆದಳು. ವಿಯೆಟ್ನಾಮಿ ಬರೆಯುವುದು ರೋಮನ್ ಅಕ್ಷರಗಳಲ್ಲಿ. 17ನೇ ಶತಮಾನದಲ್ಲಿ ಯುರೋಪಿನ ಪಾದ್ರಿಗಳು ರೂಪಿಸಿದ ಬರಹ ಅದು. ಅಲೆಕ್ಸಾಂಡ್ರ ದ ರೋಡ್ಸ್ ಮಾಡಿದ ನಿಘಂಟು 1651ರಲ್ಲಿ ರೋಮಿನಲ್ಲಿ ಅಚ್ಚಾಯಿತು. ದನಿಯ ಏರಿಳಿತವನ್ನು ಅಕ್ಷರದ ತಲೆ ಮೇಲೆ ಗೀಟು, ಕೊಕ್ಕೆ, ಅಲೆ ಎಳೆದು ತೋರಿಸುತ್ತಾರೆ, ಒಂದಕ್ಕೆ ಕೆಳಗೆ ಚುಕ್ಕೆ. ಯಾವ ಗುರುತೂ ಇಲ್ಲದೆ ಸಮನಾಗಿ ಅಂದರೆ ಬಾ, ಮೂರು. ದನಿ ಇಳಿಸಿದರೆ ಅಜ್ಜಿ. ಏರಿಸಿದರೆ ಹೆಗಲ ಮೇಲೆ ಕೈ ಹಾಕುವುದು. ಇದನ್ನು ಹೇಳುವಾಗ ಅವಳು ಅಮ್ಮನ ಹೆಗಲ ಮೇಲೆ ಕೈ ಹಾಕಿಯೇ ತೋರಿಸಿದಳು. ಚುಕ್ಕೆಯದಕ್ಕೆ ದನಿ ಒತ್ತಿ ಗಕ್ಕನೆ ನಿಲ್ಲಿಸಬೇಕು. ಆಗ ಮನಸ್ಸಿಗೆ ಬಂದಲ್ಲಿ, ಹೇಗೆಂದರೆ ಹಾಗೆ ಅಂತ ಅರ್ಥ. ಕೊಕ್ಕೆಯದಕ್ಕೆ ಇಲಿಗೆ ಇಡುವ ವಿಷದ ತುತ್ತು. ದಕ್ಷಿಣದವರ ಬಾಯಲ್ಲಿ ‘ಆಯಮ್ಮ’ ಅಂತಲೂ ಅದೇ.

ಉಳಿದದ್ದು ಅಲೆಯಾಕಾರದ್ದು. ಅದಕ್ಕೆ ಅವಳು ಬಾಯಲ್ಲಿ ಏನೂ ಹೇಳಲಿಲ್ಲ. ಫಿನ್ ಎತ್ತಿ, ಬೋರಲು ಹಾಕಿ, ತಟ್ಟಿದಳು. ತಟ್ಟೆಯ ಮೇಲೆ ದುಂಡಗೆ ಬಿತ್ತು ಕಾಫಿ ಚರಟ. ಬಾ. ರಸವೆಲ್ಲ ಇಳಿದ ಮೇಲೆ ಉಳಿಯುವ ಚರಟ. ಕಬ್ಬಿನ ಸಿಪ್ಪೆಗೂ ಇದೇ ಮಾತು. ಕೊಕ್ಕೆ, ಅಲೆ ಎರಡನ್ನೂ ಬರಹದಲ್ಲಿ ಬೇರೆ ಮಾಡುತ್ತಾರೆ, ಉತ್ತರದ ಹನೋಯಿಯವರು ಬಾಯಲ್ಲೂ ಬೇರೆ ಮಾಡುತ್ತಾರೆ. ಸೈಗಾನಿನ ನಾಲಿಗೆಯಲ್ಲಿ ಎರಡೂ ಒಂದೇ.

ಇಷ್ಟಕ್ಕೇ ಮುಗಿಯಲಿಲ್ಲ. ದಕ್ಷಿಣದಲ್ಲಿ ಅಪ್ಪನನ್ನೂ ಬಾ ಅನ್ನುತ್ತಾರೆ, ಮೂರರ ಹಾಗೇ ಸಮದನಿಯಲ್ಲಿ. ಅದೂ ಅಲ್ಲದೆ ಅಲ್ಲಿ ಮನೆಯ ಹಿರಿಯ ಮಗುವನ್ನು ಕರೆಯುವುದು ‘ಎರಡು’ ಅಂತ! ಒಂದು ಅಂತ ಯಾರನ್ನೂ ಕರೆಯುವುದಿಲ್ಲ. ಹಾಗಾಗಿ ಎರಡನೆಯ ಮಗು ‘ಮೂರು’, ಅಂದರೆ ಬಾ. ‘ನಾನೂ ಎರಡನೆಯವಳೇ’ ಅಂದಳು ಅಮ್ಮ. ನಾನು ಅದನ್ನು ಹೇಳಿದಾಗ ಹುಡುಗಿ ಚಪ್ಪಾಳೆ ತಟ್ಟಿದಳು. ಹಾಗಾದರೆ ನೀವು ಬಾ ಬಾ! ಮೊದಲನೆಯದು ಇಳಿದು, ಎರಡನೆಯದು ಸಮವಾಗಿ. ಮೂರನೆಯ ಅಜ್ಜಿ. ಸಂಜೆ ಬೆನ್‌ಥಾನ್ ಮಾರ್ಕೆಟ್ಟಿನಲ್ಲಿ ಅಮ್ಮ ಕೊಂಡ ಅಂಗಿಯ ಹೆಸರೂ ಅದೇ ಆಗಿತ್ತು, ಆವೊ ಬಾ ಬಾ. ಮೆಕಾಂಗ್ ನದಿಯ ಬಯಲಿನ ಹೆಂಗಸರು ಹಾಕುವ, ಕಾಲರ್ ಇಲ್ಲದ, ಮುಂದೆ ಗುಂಡಿ, ಪಕ್ಕದಲ್ಲಿ ಸೀಳು, ಕೆಳಗೆ ಎರಡು ದೊಡ್ಡ ಜೇಬಿರುವ ಅಂಗಿ. ‘ಎಲೆ ಅಡಿಕೆ ಇಟ್ಕೊಳ್ಳೋಕೆ ಸರಿ ಆಯ್ತು’ ಅಂದಳು ಅಮ್ಮ.

ಒಮ್ಮೆ ಕಿವಿ ತೆರೆದುಕೊಂಡರೆ ಎಲ್ಲೆಲ್ಲೂ ಅದೇ. ಊರಿನ ನಡುವಿನ ದೊಡ್ಡ ರಸ್ತೆಯ ಹೆಸರು ಹಾಯ್ ಬಾ ಚುಂಗ್, ಅಂದರೆ ಇಬ್ಬರು ಚುಂಗ್ ಅಮ್ಮನವರು. ಗೌರವಕ್ಕೆ ದೊಡ್ಡ ಹೆಂಗಸರನ್ನೂ ದೇವಿಯರನ್ನೂ ಹೀಗೇ ಬಾ ಅನ್ನುತ್ತಾರೆ. ಕ್ರಿ.ಶ. 40ರಲ್ಲಿ ಚೀನಾದ ಹಾನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಅಕ್ಕತಂಗಿಯರು ಅವರು. ಚೀನೀಯರ ಕೇರಿ ಚೊಲೊನ್‌ನಲ್ಲಿ ಕಡಲ ದೇವಿಯ ಗುಡಿ ಇದೆ, ಚುವಾ ಬಾ ಥಿಯೆನ್ ಹೌ. ಮಾಡಿನಿಂದ ಸುರುಳಿ ಸುರುಳಿ ಧೂಪ ತೂಗಾಡುತ್ತದೆ. ಆ ಕೇರಿಯ ಚೀನೀಯರು ಹೆಚ್ಚಾಗಿ ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಾಡುವವರು. ಬೀಜಿಂಗಿನವರ ಚೀನೀ ಭಾಷೆಯಲ್ಲಾದರೆ ಬಾ ಅಂದರೆ ಎಂಟು, ದನಿ ಇಳಿಸಿದರೆ ಅಪ್ಪ.

ನನ್ನ ಮನಸ್ಸಿನಲ್ಲಿ ನಿಂತದ್ದು ಬೆನ್‌ಥಾನ್ ಮಾರ್ಕೆಟ್ಟಿಗೆ ಹತ್ತಿರದ ಮಾರಿಯಮ್ಮನ ಗುಡಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ವ್ಯಾಪಾರಕ್ಕೆ ಬಂದ ತಮಿಳರು ಕಟ್ಟಿದ್ದು. ಊರಿನವರಿಗೆ ಅದು ‘ಚುವಾ ಬಾ ಅನ್’, ಹಿಂದೂಸ್ಥಾನದ ಅಮ್ಮನ ಗುಡಿ. ಒಳಗಿದ್ದವರಲ್ಲಿ ಹೆಚ್ಚಿನವರು ವಿಯೆಟ್ನಾಮಿಗಳೇ. ಊದುಬತ್ತಿ ಹಿಡಿದು ಬಗ್ಗುತ್ತಿದ್ದರು. ಗರ್ಭಗುಡಿಯ ಹಿಂದೆ ಹೋಗಿ ಕಲ್ಲಿನ ಗೋಡೆಗೆ ಹಣೆ, ಎರಡೂ ಅಂಗೈ ಒತ್ತಿ ಮೆಲ್ಲಗೆ ಮಾತಾಡುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನೂ ಹೋಗಿ ಹಣೆ ಒತ್ತಿದಳು. ಸಾಗರದ ಮಾರಿಕಾಂಬೆಗೆ ಹೇಳುವುದನ್ನೇ ಇವಳಿಗೂ ಹೇಳಿರಬೇಕು.

ಹೊರಗೆ ಮಲೇಷ್ಯಾದಿಂದ ಬಂದಿದ್ದ ತಮಿಳು ತಾಯಿಯೊಬ್ಬಳು ಮಗನನ್ನು ‘ವಾ, ವಾ’ ಅಂತ ಕರೆಯುತ್ತಿದ್ದಳು. ಇದು ಮಾತ್ರ ನಮ್ಮ ಬಾ ದ ನಿಜವಾದ ರಕ್ತಸಂಬಂಧಿ. ತಮಿಳಿನ ವೇರ್ ನಮ್ಮಲ್ಲಿ ಬೇರು, ವಿಲ್ ಬಿಲ್ಲು, ವಾಯ್ ಬಾಯಿ. ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಯಿತು. ತುಳುವರ ‘ಬಲ’ ಕೂಡ ಇದೇ ಬಳಗ. ಮಿಕ್ಕವರೆಲ್ಲ ದಾರಿಯಲ್ಲಿ ಸಿಕ್ಕವರು. ಆದರೆ ಅಪ್ಪ, ಅಮ್ಮ, ಅಜ್ಜಿಯರಿಗೆ ಬಾ, ಪಾ, ಮಾ ಅನ್ನುವುದು ಅಷ್ಟೊಂದು ಕಡೆ ಇರುವುದಕ್ಕೆ ಕಾರಣ ಉಂಟು. ಹಲ್ಲು ಬಾರದ ಮಗುವಿಗೂ ತುಟಿ ಮುಚ್ಚಿ ತೆರೆದರೆ ಸಾಕು, ಅದು ಬರುತ್ತದೆ. ಎದುರಿಗಿರುವವರು ಅದನ್ನು ತಮ್ಮ ಹೆಸರು ಅಂದುಕೊಳ್ಳುತ್ತಾರೆ.

ಗುಡಿಯ ಕಟ್ಟೆಯಲ್ಲಿ ಕೂತು ಅಮ್ಮನಿಗೆ ಕಸ್ತೂರಬಾ ನೆನಪಾದರು. ಹಿಂದೊಮ್ಮೆ ಸಾಬರಮತಿ ಆಶ್ರಮ ನೋಡಲು ಹೋಗಿದ್ದೆವು. ಗಾಂಧೀಜಿ 1930ರ ಮಾರ್ಚ್ 12ರಂದು ದಂಡಿಗೆ ಹೊರಟದ್ದು ಅಲ್ಲಿಂದಲೇ. ಅವರಿದ್ದ ಮನೆ ಹೃದಯಕುಂಜ. ಅಲ್ಲಿ ಬಾ ಅವರ ಕೋಣೆ ಕಂಡಾಗಲೇ ನಮಗೆ ತಿಳಿದದ್ದು, ಗುಜರಾತಿಯಲ್ಲಿ ಬಾ ಅಂದರೆ ತಾಯಿ, ಹೆಸರು ಕಸ್ತೂರ್. ಬೆಂಗಳೂರಿನಲ್ಲಿ ಕಸ್ತೂರಬಾ ರಸ್ತೆ ಇದೆ, ಮಣಿಪಾಲದಲ್ಲಿ 1953ರಿಂದ ಕಸ್ತೂರಬಾ ಮೆಡಿಕಲ್ ಕಾಲೇಜಿದೆ. ಆ ಹೆಸರಿನ ಬಾಲದಲ್ಲಿ ಅಮ್ಮ ಕೂತಿದ್ದಾಳೆ ಅಂತ ನಾವು ಯೋಚಿಸಿಯೇ ಇರಲಿಲ್ಲ, ಅಲ್ವಾ?

ಐದನೆಯ ದಿನ ಕಡಲ ತಡಿಯ ಊರು ನ್ಯಾಚಾಂಗ್‌ಗೆ ರೈಲು ಹತ್ತಿದೆವು. 411 ಕಿಲೋಮೀಟರ್, ಹತ್ತಿರ ಹತ್ತಿರ ಎಂಟು ಗಂಟೆ. ಎದುರು ಸೀಟಿನಲ್ಲಿ ಫಿಲಿಪೀನ್ಸಿನ ನರ್ಸ್ ಒಬ್ಬರು. ನಮ್ಮ ಬಾ ಕಥೆ ಕೇಳಿ ತಮ್ಮದನ್ನೂ ಸೇರಿಸಿದರು. ಅವರ ತಗಾಲೊಗ್ ಭಾಷೆಯಲ್ಲಿ ಕೊನೆಗೊಂದು ‘ಬಾ’ ಹಚ್ಚಿದರೆ ಮಾತು ಪ್ರಶ್ನೆಯಾಗುತ್ತದೆ, ನಮ್ಮ ‘ಬಂದನಾ’ ಅನ್ನುವುದರ ಕೊನೆಯ ‘ಆ’ ಇದ್ದ ಹಾಗೆ. ಲಿಫ್ಟ್ ಕೆಳಗೆ ಹೋಗುತ್ತಾ ಅಂತ ಕೇಳಬೇಕಾದರೆ ‘ಬಬಬಾ ಬಾ?’ ಹೌದು ಅನ್ನುವವರು ‘ಬಬಬಾ’. ಅಮ್ಮ ಕಿಟಕಿ ಹೊರಗಿನ ಗದ್ದೆ ಬಿಟ್ಟು ಅವರನ್ನೇ ನೋಡತೊಡಗಿದಳು. ಮೂರು ಸಲ ಹೇಳಿಸಿದಳು.

ನ್ಯಾಚಾಂಗ್‌ನಲ್ಲಿ ಕಾಯ್ ನದಿ ಕಡಲು ಸೇರುವಲ್ಲಿ ಗುಡ್ಡದ ಮೇಲೆ, ಹಿಂದೆ ಆ ಕರಾವಳಿಯನ್ನು ಆಳಿದ ಚಾಮ್ ಜನರ ಇಟ್ಟಿಗೆ ಗುಡಿಗಳಿವೆ. ದೊಡ್ಡದು ಸುಮಾರು 25 ಮೀಟರ್ ಎತ್ತರ. ಗಾರೆ ಕಾಣದಷ್ಟು ಬಿಗಿಯಾಗಿ ಇಟ್ಟಿಗೆ ಕೂಡಿಸಿದ್ದಾರೆ. ಬೆರಳಿಟ್ಟರೆ ಬಿಸಿಲಿಗೆ ಕಾದು ಬೆಚ್ಚಗಿತ್ತು. ಬಾಗಿಲ ಚೌಕಟ್ಟಿನ ಕಲ್ಲಿನ ತುಂಬ ಹಳೆಯ ಶಾಸನ. ಓದಲು ಬರದಿದ್ದರೂ ಆ ದುಂಡಗಿನ ಅಕ್ಷರಗಳು ನಮ್ಮ ಊರಿನ ವೀರಗಲ್ಲುಗಳ ನೆನಪು ತರುತ್ತವೆ. ಇಲ್ಲಿನ ದೇವಿಯನ್ನು ಶಾಸನಗಳು ಭಗವತಿ ಅನ್ನುತ್ತವೆ. 918ರಲ್ಲಿ ಚಾಮ್ ರಾಜ ಚಿನ್ನದ ಮೂರ್ತಿ ಮಾಡಿಸಿ ಇಟ್ಟ, ಅದನ್ನು ಕಾಂಬೋಡಿಯಾದ ಖಮೇರರು ಹೊತ್ತೊಯ್ದರು. 965ರಲ್ಲಿ ಅದರ ಜಾಗಕ್ಕೆ ಕಲ್ಲಿನವಳು ಬಂದಳು.

ವಿಯೆಟ್ನಾಮಿಗಳು ಈ ಜಾಗಕ್ಕೆ ಥಾಪ್ ಬಾ ಅನ್ನುತ್ತಾರೆ, ಅಮ್ಮನ ಗೋಪುರ. ಚಾಮ್ ಹೆಸರು ಪೋ ನಗರ್. ನಗರ್ ಅಂದರೆ ನಾಡು, ಪೋ ಅಂದರೆ ಒಡತಿ. ನಮ್ಮ ಹಳಗನ್ನಡದಲ್ಲಿ ಹೋಗು ಅನ್ನುವುದು ಪೋಗು, ತಮಿಳಲ್ಲಿ ಇವತ್ತಿಗೂ ಪೋ. ‘ಒಂದೇ ಜಾಗದ ಹೆಸರುಗಳಲ್ಲಿ ಬಾನೂ ಇದೆ, ಪೋನೂ ಇದೆ’ ಅಂದೆ. ಅಮ್ಮ ಒಂದು ಕ್ಷಣ ಯೋಚಿಸಿ, ‘ಹೋಗಿ ಬಾ ಅಂದ್ಹಂಗಾಯ್ತಲ್ಲೋ’ ಅಂದಳು.

ಒಳಗೆ ಕತ್ತಲು, ಎಣ್ಣೆಯ ವಾಸನೆ, ಹೊಗೆ. ದೇವಿಗೆ ಹತ್ತು ಕೈ, ಆದರೆ ರೇಷ್ಮೆ ಉಡಿಸಿದ್ದರಿಂದ ಮುಖವಷ್ಟೇ ಕಾಣುತ್ತಿತ್ತು. ಅಮ್ಮನ ಪಕ್ಕದಲ್ಲಿ ಅವಳದೇ ವಯಸ್ಸಿನ ಹೆಂಗಸು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. ನಡುನಡುವೆ ‘ಬಾ... ಬಾ...’ ಅಂತ ಕೇಳುತ್ತಿತ್ತು. ಇತ್ತ ಅಮ್ಮ, ‘ಬಾರಮ್ಮ ತಾಯಿ, ನಮ್ಮ ಜೊತೆಗೇ ಬಾ’ ಅನ್ನುತ್ತಿದ್ದಳು. ಕಣ್ಣು ಮುಚ್ಚಿಕೊಂಡರೆ ಯಾರದು ಯಾವ ಬಾ ಅಂತ ನನಗೆ ಗೊತ್ತಾಗಲಿಲ್ಲ. ಮನಸ್ಸು ತುಂಬಿ ಬಂತು.

ಊರಿಗೆ ಹೊರಡಲು ಮತ್ತೆ ಸೈಗಾನಿಗೆ ಬಂದೆವು. ಕೊನೆಯ ಬೆಳಗ್ಗೆ ಹೋಟೆಲಿನ ಹುಡುಗಿ ನಮ್ಮ ಚೀಲಗಳನ್ನು ಟ್ಯಾಕ್ಸಿಗೆ ಇಟ್ಟು ಬಾಗಿಲು ಹಿಡಿದು ನಿಂತಿದ್ದಳು. ಹಿಂದಿನ ಸಂಜೆ ನಮ್ಮ ಭಾಷೆಯಲ್ಲಿ ಬಾ ಅಂದರೇನು ಅಂತ ನನ್ನಿಂದ ಕೇಳಿ ತಿಳಿದುಕೊಂಡಿದ್ದಳು. ಅಮ್ಮನ ಕೈ ಹಿಡಿದು, ದನಿ ಇಳಿಸಿ ‘ಬಾ’ ಅಂದಳು. ಸ್ವಲ್ಪ ತಡೆದು, ಈಗ ಸಮನಾಗಿ, ಸಾಗರದವರ ಹಾಗೇ ಇನ್ನೊಂದು ಸಲ ‘ಬಾ’ ಅಂದಳು. ಅಜ್ಜೀ, ಬಾ.

ಅಮ್ಮ ಅವಳ ಕೆನ್ನೆ ಸವರಿದಳು. ‘ಹೋಗಿ ಬರ್ತೀನಿ ಮಗಾ. ನೀನೂ ನಮ್ಮೂರಿಗೆ ಬಾ.’